ಮೂವರು ನೋಡಿದ ನೀರು

ಒಂದೇ ಬೋರಿನ ನೀರನ್ನು ಒಂದೇ ದಿನ ಮೂರು ಜನ ಪರೀಕ್ಷೆ ಮಾಡಿದ್ದರು. ಇಬ್ಬರು ‘ಒಂದು’ ಎಂದು ಬರೆದಿದ್ದರು, ಮೂರನೆಯವರು ‘ಎರಡೂವರೆ’. ಈ ಮೂರರಲ್ಲಿ ಯಾವುದನ್ನು ನಂಬಬೇಕು ಎಂದು ಚಳ್ಳಕೆರೆಯ ಕಚೇರಿಯಲ್ಲಿ ಕೂತು ತೀರ್ಮಾನಿಸುವುದು ನನ್ನ ಕೆಲಸ. ಆ ಬೆಳಿಗ್ಗೆ ನನಗೆ ಅದೇನೂ ಕಷ್ಟದ ಕೆಲಸ ಅನ್ನಿಸಲಿಲ್ಲ.

ನಮ್ಮದು ಸಣ್ಣ ಸಂಸ್ಥೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಊರಿನವರೇ ನೋಡಿ ಫೋನಿನಲ್ಲಿ ದಾಖಲಿಸುವ ಕಾರ್ಯಕ್ರಮ ನಡೆಸುತ್ತಿದ್ದೆವು. ಪ್ರತಿಯೊಂದು ಬೋರಿನ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸುವ ಶಕ್ತಿ ನಮಗಿರಲಿಲ್ಲ. ಅದಕ್ಕೇ ಅಂಗೈಯಗಲದ ಒಂದು ಪೆಟ್ಟಿಗೆ: ಗಾಜಿನ ಕೊಳವೆ, ಸಣ್ಣ ಬಾಟಲಿಯಲ್ಲಿ ದ್ರಾವಣ, ಒಂದು ಬಣ್ಣದ ಕಾರ್ಡು. ಕೊಳವೆಯಲ್ಲಿ ಗೆರೆಯವರೆಗೆ ನೀರು ತುಂಬಿ, ದ್ರಾವಣದ ಹನಿಗಳನ್ನು ಬಿಟ್ಟು, ಅಲುಗಾಡಿಸಿ ಐದು ನಿಮಿಷ ಕಾಯಬೇಕು. ಫ್ಲೋರೈಡ್ ಇಲ್ಲದಿದ್ದರೆ ನೀರು ಗುಲಾಬಿಯಾಗುತ್ತದೆ. ಇದ್ದಷ್ಟೂ ಗುಲಾಬಿ ಕರಗಿ ತಿಳಿ ಕಿತ್ತಳೆಗೆ, ಆಮೇಲೆ ಹಳದಿಗೆ ಹೋಗುತ್ತದೆ. ಕಾರ್ಡಿನ ಮೇಲೆ ಸೊನ್ನೆ, ಅರ್ಧ, ಒಂದು, ಒಂದೂವರೆ, ಎರಡು, ಮೂರು ಎಂದು ಆರು ಬಣ್ಣದ ಚೌಕಗಳು. ಕೊಳವೆಯ ಬಣ್ಣ ಯಾವ ಚೌಕಕ್ಕೆ ಹೊಂದುತ್ತದೋ ಅದೇ ಅಂಕಿ, ಲೀಟರಿಗೆ ಅಷ್ಟು ಮಿಲಿಗ್ರಾಂ. ಒಂದೂವರೆ ದಾಟಿದರೆ ಆ ನೀರನ್ನು ಕುಡಿಯಬಾರದು, ಹಲ್ಲು, ಮೂಳೆ ಕೆಡುತ್ತವೆ.

ನೋಡುವವರು ಊರಿನ ಸಾಮಾನ್ಯ ಜನ. ಆದ್ದರಿಂದ ಒಂದು ಬೋರಿಗೆ ಮೂರು ಜನ ಎಂದು ಇಟ್ಟಿದ್ದೆವು, ಅವರಲ್ಲಿ ಒಬ್ಬರು ಹೊರಗಿನ ಊರಿನವರಾಗಿರಬೇಕು. ಇಬ್ಬರದು ಒಂದೇ ಆಗಿ ಮೂರನೆಯವರದು ದೂರ ಹೋದರೆ ಪಟ್ಟಿಯಲ್ಲಿ ಅವರ ಸಾಲು ತಾನಾಗಿಯೇ ಕೆಂಪಾಗುತ್ತಿತ್ತು, ಬರೆದವರ ‘ನಂಬಿಕೆ ಅಂಕ’ ಇಳಿಯುತ್ತಿತ್ತು. ಈ ಏರ್ಪಾಡು ಮಾಡಿದವನು ನಾನೇ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಬೋರು ಇದ್ದದ್ದು ರಾಂಪುರದ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಹಟ್ಟಿಯಲ್ಲಿ. ‘ಒಂದು’ ಎಂದು ಬರೆದ ಇಬ್ಬರೂ ಹಟ್ಟಿಯವರೇ. ಒಬ್ಬರು ಹಾಲಿನ ಡೈರಿಯ ಕಾರ್ಯದರ್ಶಿ, ಇನ್ನೊಬ್ಬರು ಅಂಗನವಾಡಿ ಟೀಚರ್. ‘ಎರಡೂವರೆ’ ಎಂದು ಬರೆದದ್ದು ಮೊಳಕಾಲ್ಮುರಿನಿಂದ ಬಂದ ಒಬ್ಬ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ಮನೆಯಲ್ಲಿ ಮಗ್ಗ, ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕೆಲಸ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರ ಸಾಲು ಕೆಂಪಾಗಿದ್ದು ಅದು ಮೊದಲ ಸಲವಲ್ಲ. ಕಾರ್ಡಿನಲ್ಲಿ ಎರಡೂವರೆ ಎಂಬ ಚೌಕವೇ ಇಲ್ಲ. ಇಲ್ಲದ ಅಂಕಿಯನ್ನು ಬರೆಯುತ್ತಾರೆಂದರೆ ಸರಿಯಾಗಿ ನೋಡದೆ ಅಂದಾಜಿಗೆ ಬರೆಯುತ್ತಿದ್ದಾರೆ ಎಂದುಕೊಂಡೆ.

ಆದರೂ ನಿಯಮದ ಪ್ರಕಾರ ನಾನೇ ಒಮ್ಮೆ ನೋಡಬೇಕಿತ್ತು. ಬೈಕಿನಲ್ಲಿ ಹೋದೆ. ಕಾರ್ಯದರ್ಶಿ ಬೋರಿನ ಹತ್ತಿರವೇ ಕಾದಿದ್ದರು, ಟೀಚರ್ ಕೂಡ ಬಂದರು. ಅಂಗನವಾಡಿಯ ಒಳಗೆ ಬಲ್ಬಿನ ಕೆಳಗೆ ಕೂತು ಪರೀಕ್ಷೆ ಮಾಡಿದೆ. ಕೊಳವೆಯನ್ನು ಕಾರ್ಡಿನ ಪಕ್ಕ ಹಿಡಿದಾಗ ಒಂದಕ್ಕೂ ಹೊಂದುತ್ತದೆ, ಒಂದೂವರೆಗೂ ಹೊಂದುತ್ತದೆ ಅನ್ನಿಸಿತು. ಒಂದು ಗಳಿಗೆ ಎರಡೂ ಅಲ್ಲವೇನೋ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಕಾರ್ಯದರ್ಶಿ, “ಒಂದೇ ಅಲ್ವಾ ಸಾರ್?” ಎಂದರು.

“ಹೌದು, ಒಂದೇ,” ಎಂದೆ.

ಟೀಚರ್ ನನ್ನ ಮುಖ ನೋಡಿದರು. “ಹಂಗಾದ್ರೆ ಮಕ್ಕಳ ಅಡ್ಗೆಗೆ ಇದೇ ನೀರು ಹಾಕಬೌದಾ ಸಾರ್? ಆ ಅಕ್ಕ ಹೇಳಿದ್ಮ್ಯಾಲೆ ನಾನು ಆಚೆ ತೋಟದ ಬೋರಿನಿಂದ ಹೊರಸ್ತಿದ್ದೆ.”

“ಭಯ ಬೇಡ. ಧಾರಾಳವಾಗಿ ಹಾಕಿ.”

ವಾಪಸು ಬಂದು ಅಕ್ಕನ ಅಂಕಿಯನ್ನು ಪಟ್ಟಿಯಿಂದ ತೆಗೆದೆ.

ಐದು ವಾರ ಕಳೆಯಿತು. ಶುದ್ಧ ನೀರಿನ ಘಟಕ ಎಲ್ಲೆಲ್ಲಿ ಬೇಕು ಎಂಬ ಪಟ್ಟಿ ನಮ್ಮಿಂದ ತಾಲ್ಲೂಕು ಪಂಚಾಯಿತಿಗೆ ಹೋಗುವ ದಿನ ಹತ್ತಿರ ಬಂತು. ಹಟ್ಟಿಯ ಹೆಸರು ಅದರಲ್ಲಿರಲಿಲ್ಲ. ಆಗ ಅಕ್ಕನ ಫೋನು ಬಂತು.

“ಸಾರ್, ನಾ ಬರ್ದಿದ್ದು ಕೆಂಪಾಗೈತಲ್ಲ, ಯಾಕ್ರಿ?”

“ಉಳಿದಿಬ್ಬರದ್ದಕ್ಕೂ ನಿಮ್ಮದಕ್ಕೂ ತಾಳೆ ಆಗ್ಲಿಲ್ಲ ಅಕ್ಕ.”

“ತಾಳೆ ಆಗ್ದಿದ್ರೆ ನಂದೇ ಯಾಕ್ರಿ ಸುಳ್ಳಾಗ್ಬೇಕು?”

“ನಾನೇ ಹೋಗಿ ನೋಡಿ ಬಂದೆ ಅಕ್ಕ. ಒಂದೇ ಇತ್ತು.”

ಅಕ್ಕ, “ಈ ಕಡೆ ಬಂದಾಗ ನಮ್ಮನೆಗೊಂದೀಟು ಬರ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬಹುಶಃ ಹೋಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮೊಳಕಾಲ್ಮುರಿಗೆ ಹೋದೆ. ಒಳಗೆ ಅವರ ಸೊಸೆ ಮಗ್ಗದಲ್ಲಿ ಕೂತಿದ್ದಳು. ಅಕ್ಕ ಹಿತ್ತಲಿನಲ್ಲಿ ಬಣ್ಣದ ಪಾತ್ರೆ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಬಂದು, ಹಟ್ಟಿಯ ಬೋರಿನಿಂದ ಮೊದಲು ಪರೀಕ್ಷೆ ಮಾಡಿದ ದಿನವೇ ತುಂಬಿ ತಂದಿದ್ದ ನೀರಿನ ಬಾಟಲಿಯನ್ನು ತೆಗೆದರು. ಒಂದು ಕೊಳವೆಗೆ ಆ ನೀರು, ಇನ್ನೊಂದಕ್ಕೆ ಅವರ ಮನೆಯ ನಲ್ಲಿ ನೀರು. ಹನಿ ಎಣಿಸಿ ಹಾಕಿದರು, ಗೋಡೆಯ ಗಡಿಯಾರ ನೋಡಿ ಐದು ನಿಮಿಷ ಕಾದರು. ನಾನು ತರಬೇತಿಯಲ್ಲಿ ಹೇಳಿಕೊಟ್ಟ ಕ್ರಮದಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಆಮೇಲೆ ಎರಡನ್ನೂ ಹಿತ್ತಲಿಗೆ ತಂದು, ಬಿಸಿಲು ನೇರ ಬೀಳದ ಗೋಡೆಯ ಕಡೆ, ಬಿಳಿ ಬಟ್ಟೆಯ ಮುಂದೆ ಹಿಡಿದರು.

“ಇಲ್ಲಿ ನೋಡ್ರಿ. ಬಣ್ಣ ನೋಡೋದಂದ್ರೆ ನೆಳ್ಳಾಗಿನ ಬೆಳಕ್ನಾಗೆ ನೋಡ್ಬೇಕು. ಬಲ್ಬಿನ ಕೆಳಗೆ ನಾವು ನೂಲು ನೋಡಾಂಗಿಲ್ಲ. ನಮ್ಮನೇದು ಗುಲಾಬಿ, ಹಟ್ಟೀದು ಎರಡ್ಕೂ ಮೂರ್ಕೂ ನಡುವೆ ಐತೆ, ಅದ್ಕೇ ಎರಡೂವರೆ ಬರ್ದಿದ್ದು.”

ನನಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಂಡವು. ಹಾಗೆಂದೆ.

ಅಕ್ಕ ಒಳಗೆ ಹೋಗಿ ರೇಷ್ಮೆ ನೂಲಿನ ಎರಡು ಲಡಿ ತಂದು ನನ್ನ ಎರಡೂ ಅಂಗೈಯಲ್ಲಿ ಇಟ್ಟರು. “ಇವೆರಡ್ರಾಗೆ ಹಳದಿ ಕಡೆಗಿರೋದು ಯಾವುದು?”

ನಾನು ನೋಡಿದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಎಡಗೈಯದನ್ನು ತೋರಿಸಿದೆ.

ಸೊಸೆ ಮಗ್ಗದಿಂದಲೇ ಕಿಸಕ್ಕನೆ ನಕ್ಕಳು. ಅಕ್ಕ ತಿರುಗಿ, “ಏಯ್, ನವ್ವಕು,” ಎಂದು ಮನೆಮಾತು ತೆಲುಗಿನಲ್ಲಿ ನಗಬೇಡವೆಂದು ಗದರಿದರು. ನನ್ನ ಕೈಯಿಂದ ಲಡಿಗಳನ್ನು ತೆಗೆದುಕೊಂಡರು. ಅಲ್ಲಿಯವರೆಗೆ ಸಾರ್ ಎನ್ನುತ್ತಿದ್ದವರು ಈಗ ಹಾಗೆನ್ನಲಿಲ್ಲ.

“ಮೊದ್ಲಿಂದ್ಲೂ ಹಿಂಗೇನಾ ತಮ್ಮಾ?”

“ಹೇಗೆ ಅಕ್ಕ?”

“ಒಂದು ಗುಲಾಬಿ, ಒಂದು ಬಾಳೆಹಣ್ಣಿನ ತಿಳಿ ಬಣ್ಣ. ನಮ್ಮನೆ ಕೂಸಿಗೂ ಗೊತ್ತಾಗ್ತೈತೆ.”

ಅವರು ಕೊಟ್ಟ ಕಾಫಿಯನ್ನು ಹೇಗೆ ಕುಡಿದೆನೋ ತಿಳಿಯದು. ವಾಪಸು ಬರುವಾಗ ಬಿ.ಜಿ. ಕೆರೆ ಎಂಬ ಊರಿನ ಹತ್ತಿರ ಬೈಕು ನಿಲ್ಲಿಸಿ, ರಸ್ತೆ ಬದಿಯ ಅಂಗಡಿಯಲ್ಲಿ ನೇತುಹಾಕಿದ್ದ ಬಣ್ಣಬಣ್ಣದ ಪೊಟ್ಟಣಗಳನ್ನು ನೋಡುತ್ತ ನಿಂತೆ. ಕೆಂಪು ಕೆಂಪಾಗಿಯೇ ಇತ್ತು, ಹಸಿರು ಹಸಿರಾಗಿಯೇ ಇತ್ತು. ಅಕ್ಕ ತಪ್ಪು ತಿಳಿದಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಗಳು ನೆನಪಾದವು. ಹನಿ ಹನಿ ಬಿಡುತ್ತ ಬಣ್ಣ ತಿರುಗಿದ ಕೂಡಲೇ ನಿಲ್ಲಿಸಬೇಕಿತ್ತು. ನಾನು ಯಾವತ್ತೂ ದಾಟಿಸಿಬಿಡುತ್ತಿದ್ದೆ. ಪಕ್ಕದವನು “ಸಾಕು, ನಿಲ್ಸು” ಎಂದಾಗ ನಿಲ್ಲಿಸಿ ಪಾಸಾಗಿದ್ದೆ. ನನಗೆ ಗಮನ ಸಾಲದು ಎಂದು ಮೇಷ್ಟ್ರು ಬೈದದ್ದನ್ನೇ ಇಷ್ಟು ವರ್ಷ ನಂಬಿದ್ದೆ. ತರಬೇತಿಯಲ್ಲಿ ಎಲ್ಲರಿಗೂ ಕಾರ್ಡು ಹಿಡಿದು ತೋರಿಸುತ್ತಿದ್ದೆನಲ್ಲ, ಅಲ್ಲಿ ಯಾವ ಕೊಳವೆಯಲ್ಲಿ ಎಷ್ಟು ಎಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ನಾನು ಬಣ್ಣ ನೋಡುತ್ತಲೇ ಇರಲಿಲ್ಲ.

ಮರುದಿನ ಚಳ್ಳಕೆರೆಯಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ತೆರೆದರು. ಮೊದಲ ಪುಟದ ಅಂಕಿ ಓದಿದೆ. ಆಮೇಲಿನ ಕೆಲವು ಪುಟಗಳಲ್ಲಿ ನನಗೆ ಕಂಡದ್ದು ಬರೀ ಚುಕ್ಕೆ. “ಹುಟ್ಟಿನಿಂದ ಬಂದಿದ್ದು, ತೀವ್ರವಾಗೇನೂ ಇಲ್ಲ,” ಎಂದರು ಡಾಕ್ಟರು. “ದಟ್ಟ ಬಣ್ಣ ಗೊತ್ತಾಗುತ್ತೆ. ತಿಳಿ ಬಣ್ಣಗಳಲ್ಲಿ ಮೋಸ ಹೋಗ್ತೀರಿ. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ತಾನೆ?”

ಕಚೇರಿಗೆ ಬಂದು ಕಂಪ್ಯೂಟರು ತೆರೆದೆ. ನನ್ನ ಕೈಯಲ್ಲಿ ಒಂದು ಸುಲಭದ ದಾರಿಯಿತ್ತು. ಅಕ್ಕನ ಅಂಕಿಯನ್ನು ವಾಪಸು ಸೇರಿಸಿ, ಹಟ್ಟಿಯ ಬೋರನ್ನು ‘ಅನುಮಾನ’ ಎಂದು ಬದಲಿಸಿದರೆ ಮುಗಿಯಿತು, ಯಾರೂ ಕೇಳುವುದಿಲ್ಲ. ಬೆರಳು ಕೀಲಿಯ ಮೇಲೆ ಇಟ್ಟಿದ್ದೆ ಕೂಡ. ಆದರೆ ಜಗಳ ಬಿದ್ದ ಕಡೆಗೆಲ್ಲ ಹೋಗಿ ನೋಡಿದವನು ನಾನೇ. ನನ್ನ ಮಾತೇ ಕೊನೆಯದಾಗಿದ್ದ ಬೋರುಗಳನ್ನು ಎಣಿಸಿದೆ. ಒಂಬತ್ತು. ಆ ಒಂಬತ್ತರಲ್ಲಿ ಎಲ್ಲಿ ತಪ್ಪಿದ್ದೇನೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಮತ್ತೆ ಹೋಗಿ ನೋಡಿದರೂ ಅದೇ ಕಣ್ಣು. ಅಂಗನವಾಡಿಯ ಅಡುಗೆಯ ಮಾತು ನೆನಪಾಯಿತು. ಎದ್ದು ನಮ್ಮ ಸಂಯೋಜಕಿಯ ಕೋಣೆಗೆ ಹೋದೆ.

ಮೇಡಂ ಪೂರ್ತಿ ಕೇಳಿದರು. “ಮೊದಲು ಟೀಚರಿಗೆ ಫೋನು ಮಾಡಿ, ಆ ನೀರನ್ನು ಅಡುಗೆಗೆ ಹಾಕಬೇಡಿ ಅಂತ ಹೇಳಿ,” ಎಂದರು. ಅಲ್ಲೇ ನಿಂತು ಫೋನು ಮಾಡಿದೆ. ಟೀಚರ್ “ಸರಿ ಸಾರ್” ಎಂದರಷ್ಟೇ, ಯಾಕೆ ಎಂದು ಕೇಳಲಿಲ್ಲ. ಆ ಕೇಳದಿರುವುದು ನನಗೆ ವಿಚಿತ್ರವಾಗಿ ಕಂಡಿತು.

“ನೀವು ಹೇಳದೆ ಇದ್ದಿದ್ರೆ ಇದು ನಂಗೆ ಗೊತ್ತಾಗ್ತಿತ್ತಾ?” ಎಂದರು ಮೇಡಂ.

“ಇಲ್ಲ.”

“ಹಾಗಾದ್ರೆ ಬೇರೆಯವರದು ಹೇಗೆ ಗೊತ್ತಾಗುತ್ತೆ? ನೂರು ಕಣ್ಣು ಇಟ್ಟುಕೊಂಡು ಕೂತಿದೀವಿ. ಒಂದನ್ನಾದರೂ ಪರೀಕ್ಷೆ ಮಾಡಿದೀವಾ?”

ಪಟ್ಟಿಗೆ ಹದಿನೈದು ದಿನ ಸಮಯ ಕೇಳಿ ಪಡೆದರು. ಪರಿಚಯದ ಪ್ರಯೋಗಾಲಯದವರೊಬ್ಬರಿಂದ ಆರು ಬಾಟಲಿ ನೀರು ಮಾಡಿಸಿದೆವು. ಪ್ರತಿಯೊಂದರಲ್ಲೂ ಅಳೆದು ಬೆರೆಸಿದ ಫ್ಲೋರೈಡ್. ಬಾಟಲಿಯ ಮೇಲೆ ಬರೀ ಗುರುತಿನ ಅಕ್ಷರ. ಯಾವುದರಲ್ಲಿ ಎಷ್ಟು ಎಂಬ ಚೀಟಿ ಲಕೋಟೆಯಲ್ಲಿ ಮುಚ್ಚಿ ಮೇಡಂ ಬೀರುವಿನಲ್ಲಿತ್ತು. ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಬಿ.ಜಿ. ಕೆರೆಯ ಶಾಲೆಯಲ್ಲಿ ಒಂದು ಭಾನುವಾರ ಕಾರ್ಯಕರ್ತರನ್ನೆಲ್ಲ ಸೇರಿಸಿದೆವು. ಒಬ್ಬೊಬ್ಬರೇ ಬಂದು ನೋಡಬೇಕು, ಚೀಟಿಯಲ್ಲಿ ಬರೆದು ಮಡಚಿ ಡಬ್ಬಿಗೆ ಹಾಕಬೇಕು. ಜಗುಲಿಯ ನೆರಳಿನಲ್ಲಿ ಒಮ್ಮೆ, ಒಳಗೆ ಬಲ್ಬಿನ ಕೆಳಗೆ ಇನ್ನೊಮ್ಮೆ. ಶುರು ಮಾಡುವ ಮೊದಲು ನನ್ನ ಕಣ್ಣಿನ ಸಂಗತಿಯನ್ನು ನಾನೇ ಎಲ್ಲರೆದುರು ಹೇಳಿದೆ. ಕುದಾಪುರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, “ಅದ್ಕೇನ್ ಬಿಡ್ರಿ, ನಂಗೂ ಪೊರೆ ಬಂದೈತೆ,” ಎಂದರು. ಎಲ್ಲರೂ ನಕ್ಕರು. ಅವರ ಅಂಕಿಗಳನ್ನೂ ಇಷ್ಟು ದಿನ ಲೆಕ್ಕಕ್ಕೆ ಹಿಡಿದಿದ್ದೆವು ಎಂಬುದು ಆಮೇಲೆ ಹೊಳೆದು ನಗು ನಿಂತಿತು.

ಲಕೋಟೆ ಒಡೆದು ತಾಳೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಬಲ್ಬಿನ ಕೆಳಗೆ ಎಲ್ಲರೂ ದಾರಿ ತಪ್ಪಿದ್ದರು. ಹೊರಗಿನ ಬೆಳಕಿನಲ್ಲಿ ಬಹಳ ಜನ ಸರಿಯಿದ್ದರು. ಎಲ್ಲರಿಗಿಂತ ಹೆಚ್ಚು ತಪ್ಪಿದವನು ನಾನು. ಅಕ್ಕ ಹೊರಗಿನ ಬೆಳಕಿನಲ್ಲಿ ಆರರಲ್ಲಿ ಐದು ಸರಿ ಹೇಳಿದ್ದರು. ಒಂದರಲ್ಲಿ ಅರ್ಧ ಇದ್ದದ್ದನ್ನು ಒಂದು ಎಂದಿದ್ದರು. ತಪ್ಪಿದೆ ಎಂದು ತಿಳಿದಾಗ ಅವರ ಮುಖ ಸಣ್ಣದಾಯಿತು. ಮನೆಗೆ ಹೋಗುವವರೆಗೂ ಆ ಒಂದು ಬಾಟಲಿಯ ಮಾತೇ ಆಡುತ್ತಿದ್ದರು.

ಅದೇ ಬೆಳಕಿನಲ್ಲಿ ಆರಕ್ಕೆ ಆರು ಸರಿ ಹೇಳಿದವರು ಒಬ್ಬರೇ. ಹಟ್ಟಿಯ ಡೈರಿ ಕಾರ್ಯದರ್ಶಿ. ಟೀಚರದೂ ಹೆಚ್ಚುಕಡಿಮೆ ಸರಿಯಿತ್ತು.

ಆ ಎರಡು ಚೀಟಿಗಳನ್ನು ಹಿಡಿದು ಬಹಳ ಹೊತ್ತು ಕೂತೆ. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ನೋಡಲು ಬಾರದವರನ್ನು. ಸರಿಯಾಗಿ ನೋಡಿಯೂ ಬೇರೆ ಬರೆಯುವವರಿರಬಹುದು ಎಂಬುದಕ್ಕೆ ನನ್ನ ಏರ್ಪಾಡಿನಲ್ಲಿ ಜಾಗವೇ ಇರಲಿಲ್ಲ. ಅವರಿಬ್ಬರೂ ಒಂದೇ ಮಾತು ಹೇಳಿದ್ದಕ್ಕೆ ನಾನು ಅವರಿಗೆ ಅಂಕ ಏರಿಸಿದ್ದೆ.

ಮರುದಿನ ಹಟ್ಟಿಗೆ ಹೋದೆ. ಬೆಳಗಿನ ಹಾಲು ಅಳೆದು ಮುಗಿದಿತ್ತು, ಡೈರಿಯಲ್ಲಿ ಕಾರ್ಯದರ್ಶಿ ಒಬ್ಬರೇ ಕ್ಯಾನು ತೊಳೆದು ಜೋಡಿಸುತ್ತಿದ್ದರು. ಜಗಳಕ್ಕೆ ಹೋದವನಂತೆ ಕಾಣಬಾರದೆಂದು ಮೊದಲು ಹಾಲಿನ ಮಾತು ಆಡಿದೆ. ಅವರೇ ತಡೆದರು.

“ನೀವು ಯಾಕ್ ಬಂದೀರಿ ಅಂತ ಗೊತ್ತು ಸಾರ್.”

“ನಿಮ್ಮ ಕಣ್ಣು ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಹಾಗಿದ್ದರೆ ಅವತ್ತು ಒಂದು ಅಂತ ಯಾಕೆ ಬರೆದ್ರಿ?”

ಅವರು ಕ್ಯಾನಿನ ಮುಚ್ಚಳವನ್ನು ತಿರುವಿ ತಿರುವಿ ಕೂರಿಸಿದರು. “ಹೋದ ವರ್ಷ ನನ್ನ ಮಗಳನ್ನ ನೋಡಾಕೆ ಬಂದಿದ್ರು. ಕಾರ್ನಾಗೆ ಬಂದ್ರು. ಬರ್ತಾ ಬಾಟ್ಲಿ ನೀರು ತಂದಿದ್ರು ಸಾರ್, ಅವರ ಜತೆಗೆ. ನಮ್ಮನೆ ನೀರು ಮುಟ್ಲಿಲ್ಲ. ಮಗಳು ಕಾಫಿ ತಂದು ಇಟ್ಟಳು, ಅದನ್ನೂ ಹಂಗೇ ಬಿಟ್ಟು ಎದ್ರು. ಹುಡುಗಿಗೆ ಏನೂ ಇಲ್ಲ, ಹಲ್ಲು ಚೆನ್ನಾಗವೆ. ಊರಿನ ಹೆಸ್ರು ಕೇಳಿದ್ರು ಅಷ್ಟೆ. ನಿಮ್ಮ ಪಟ್ಟ್ಯಾಗೆ ಬಂದ್ರೆ ಪಂಚಾಯ್ತಿಯೋರು ಕುಡಿಯಬಾರ್ದು ಅಂತ ಬೋರಿಗೆ ಕೆಂಪು ಬಣ್ಣ ಬಳಿತಾರೆ. ಆಮ್ಯಾಲೆ ಈ ಹಟ್ಟಿಗೆ ಯಾರ್ ಬರ್ತಾರೆ?”

“ಮಕ್ಕಳು ಅದನ್ನೇ ಕುಡೀತಾರಲ್ಲ.”

“ನಾನೂ ಅದನ್ನೇ ಕುಡಿದು ಬೆಳ್ದೋನು,” ಎಂದು ಅವರು ಮೊದಲ ಸಲ ಬಾಯಿ ತೆರೆದು ತೋರಿಸಿದರು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಇಷ್ಟು ಸಲ ಮಾತಾಡಿಸಿದ್ದೆ, ಅವರು ತುಟಿ ಬಿಗಿದೇ ಮಾತಾಡುತ್ತಾರೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಅಂಗನವಾಡಿಗೂ ಹೋದೆ. ಟೀಚರ್ ಅಳುವ ಹಾಗಿದ್ದರು. “ಅವ್ರು ದೊಡ್ಡೋರು, ಒಂದು ಬರಿಯಮ್ಮ ಅಂದ್ರು, ಬರ್ದೆ. ನಂಗೆ ಅನುಮಾನ ಇತ್ತು ಸಾರ್. ಆದ್ರೆ ನೀವೇ ಬಂದು ಒಂದು ಅಂದ್ರಲ್ಲ. ಅದಾದ್ಮ್ಯಾಲೆ ನೋಡಿದ್ರೆ ನಂಗೂ ಒಂದೇ ಕಂಡಂಗಾತು.”

ತಪ್ಪು ನಿಮ್ಮದಲ್ಲ ಎಂದು ಮಾತ್ರ ಹೇಳಿದೆ.

ಮೇಡಂ ಮತ್ತು ನಾನು ಕೂತು ಎರಡು ಬದಲಾವಣೆ ಮಾಡಿದೆವು. ನಮ್ಮ ಪಟ್ಟಿಯನ್ನು ಎಲ್ಲೂ ಅಂಟಿಸುವುದಿಲ್ಲ, ಫೋನಿನ ಗುಂಪುಗಳಿಗೆ ಹಾಕುವುದಿಲ್ಲ. ಯಾವ ಊರಿನ ನೀರೋ ಆ ಊರಿನವರಿಗೆ ಮೊದಲು, ಅವರ ಊರಲ್ಲೇ ಕೂತು ಹೇಳುವುದು. ಘಟಕ ಬಂದ ಮೇಲೆಯೇ ಬೋರಿಗೆ ಬಣ್ಣದ ಗುರುತು ಹಾಕಿ, ಅಲ್ಲಿಯವರೆಗೆ ಮನೆಮನೆಗೆ ತಿಳಿಸುವ ಕೆಲಸ ನಾವು ಮಾಡುತ್ತೇವೆ ಎಂದು ಪಂಚಾಯಿತಿಯನ್ನು ಕೇಳಿಕೊಂಡೆವು. ಒಪ್ಪಿದರು. ನಂಬಿಕೆ ಅಂಕವನ್ನು ಕಿತ್ತುಹಾಕಿದೆ. ಅದರ ಜಾಗದಲ್ಲಿ ಎರಡು ಪ್ರಶ್ನೆ ಇಟ್ಟೆ: ಯಾವ ಬೆಳಕಿನಲ್ಲಿ ನೋಡಿದಿರಿ, ಬೇರೆಯವರ ಅಂಕಿ ಮೊದಲೇ ಗೊತ್ತಿತ್ತೇ.

ಒಂಬತ್ತು ಬೋರುಗಳನ್ನೂ ಮತ್ತೆ ನೋಡಿಸಿದೆವು, ಪ್ರತಿಯೊಂದರಿಂದ ಒಂದು ಬಾಟಲಿ ಪ್ರಯೋಗಾಲಯಕ್ಕೂ ಕಳಿಸಿದೆವು. ಹಟ್ಟಿಗೆ ಹೋದ ದಿನ ಅಕ್ಕನೂ ಬಸ್ಸಿನಲ್ಲಿ ಬಂದಿಳಿದರು. ಮೂವರೂ ಬೇವಿನ ಮರದ ನೆರಳಿನಲ್ಲಿ ಒಬ್ಬರಾದ ಮೇಲೊಬ್ಬರು ನೋಡಿದರು. ನಾನು ಕೊಳವೆಯ ಕಡೆ ನೋಡದೆ ಬೆನ್ನು ತಿರುಗಿಸಿ ಗಡಿಯಾರ ನೋಡುತ್ತಿದ್ದೆ. ಕಾರ್ಯದರ್ಶಿಯದು ಕೊನೆಯ ಸರದಿ. ಕೊಳವೆ ಹಿಡಿದು ಅವರು ಬಹಳ ಹೊತ್ತು ನಿಂತಿದ್ದರು ಎಂದು ಆಮೇಲೆ ಅಕ್ಕ ಹೇಳಿದರು.

ಮೂರು ಚೀಟಿ ಬಿಡಿಸಿದೆ. ಅಕ್ಕನದು ಎರಡೂವರೆ. ಟೀಚರದು ಎರಡು. ಕಾರ್ಯದರ್ಶಿಯ ಚೀಟಿ ಖಾಲಿಯಿತ್ತು. ಅವರ ಸಾಲಿನಲ್ಲಿ ‘ಬರೆದಿಲ್ಲ’ ಎಂದು ನಮೂದಿಸಿದೆ. ಸುಳ್ಳು ಬರೆಯಲು ಈ ಸಲ ಅವರಿಗೆ ಕೈ ಬಂದಿರಲಿಲ್ಲ, ಅಷ್ಟು ನನಗೆ ಅರ್ಥವಾಗಿತ್ತು.

ಪ್ರಯೋಗಾಲಯದ ವರದಿ ಬಂತು. ಹಟ್ಟಿಯ ನೀರಿನಲ್ಲಿ ಫ್ಲೋರೈಡ್ ಅಕ್ಕ ಹೇಳಿದ ಅಂಕಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಉಳಿದ ಎಂಟರಲ್ಲಿ ಇನ್ನೊಂದನ್ನೂ ನಾನು ತಪ್ಪಾಗಿ ಒಳ್ಳೆಯದೆಂದಿದ್ದೆ. ಎರಡೂ ಪಟ್ಟಿಗೆ ಸೇರಿದವು. ಹಟ್ಟಿಯ ಜನರಿಗೆ ಅಂಗನವಾಡಿಯ ಅಂಗಳದಲ್ಲಿ ವಿಷಯ ತಿಳಿಸಿದ್ದು ಮೇಡಂ. ನಾನು ಹೇಳಿದ್ದು ನನ್ನ ತಪ್ಪನ್ನು ಮಾತ್ರ. ಒಬ್ಬ ತಾಯಿ ಎದ್ದು, “ಐದು ವಾರ ನಿಮ್ಮ ಮಾತು ನಂಬಿದ್ವಲ್ಲ,” ಎಂದಳು. ಹೌದು ಎಂದೆ. ಘಟಕ ಬರುವವರೆಗೆ, ಪರೀಕ್ಷೆಯಲ್ಲಿ ಸರಿಯಿದ್ದ ತೋಟದ ಬೋರಿನಿಂದ ನೀರು ಬಿಡಲು ತೋಟದವರು ಒಪ್ಪಿದರು. ನಾಲ್ಕು ತಿಂಗಳಿಗೆ ಘಟಕ ಬಂತು.

ಅಕ್ಕನಿಗೆ ಫೋನು ಮಾಡಿ ಕ್ಷಮೆ ಕೇಳಿದೆ.

“ನಂದು ಹಸಿರು ಮಾಡಿದೆಯೇನು?”

“ಬಣ್ಣವನ್ನೇ ತೆಗೆದುಬಿಟ್ಟೆ ಅಕ್ಕ.”

“ಒಳ್ಳೇದಾತು ಬಿಡು ತಮ್ಮಾ. ನಿಂಗೆ ಹೆಂಗೂ ಗೊತ್ತಾಗಲ್ಲ,” ಎಂದು ನಕ್ಕರು. ಈಗ ಹೊಸ ಕಾರ್ಯಕರ್ತರಿಗೆ ಕಾರ್ಡು ಹಿಡಿದು ಬಣ್ಣ ತೋರಿಸುವುದು ಅವರೇ. ನಾನು ಚೀಟಿ ಬಿಡಿಸುತ್ತೇನೆ, ಅಂಕಿ ಕೂಡಿಸುತ್ತೇನೆ, ಜಗಳ ಬಿದ್ದರೆ ಮೂವರನ್ನೂ ಮಾತಾಡಿಸುತ್ತೇನೆ.

ಘಟಕ ಬಂದ ವಾರದಲ್ಲೇ ಡೈರಿ ಕಾರ್ಯದರ್ಶಿ ಫೋನು ಮಾಡಿದರು.

“ಸಾರ್, ಅವತ್ತು ಚೀಟಿ ಖಾಲಿ ಬಿಟ್ಟಿದ್ನಲ್ಲ, ಅದ್ನ ಎರಡೂವರೆ ಅಂತ ಈಗ ಬರ್ಕಂತೀರಾ?”

“ಈಗ ಬರೆದರೆ ಲೆಕ್ಕಕ್ಕೆ ಬರಲ್ಲ. ಪ್ರಯೋಗಾಲಯದ ಅಂಕಿ ನಿಮಗೆ ಗೊತ್ತಾಗಿಬಿಟ್ಟಿದೆ.”

“ಅದೂ ಸರೀನೆ.” ಆ ಕಡೆ ಹಾಲಿನ ಕ್ಯಾನುಗಳ ಸದ್ದು ಕೇಳುತ್ತಿತ್ತು. “ಹಂಗಾದ್ರೆ ಬ್ಯಾರೆ ಯಾವ್ದಾದ್ರೂ ಊರಿಗೆ ನನ್ನ ಹಾಕ್ರಿ. ಹೊರಗಿನೋನಾಗಿ ಬರ್ತೀನಿ. ಅಲ್ಲಿ ಏನ್ ಕಾಣ್ತೈತೋ ಅದೇ ಬರೀತೀನಿ.”

ಮುಂದಿನ ಸೋಮವಾರದ ಪಟ್ಟಿಯಲ್ಲಿ ಅವರ ಹೆಸರು ಹಾಕಿದೆ.